ಬೇರೆಯವರ ಪ್ರಾರ್ಥನೆಯನ್ನು ನಾವು ಹಾಡಬಹುದೇ?



ಹೊಸಕೋಟೆ ತಾಲೂಕಿನ ಜಡಿಗೇನಹಳ್ಳಿಯ ಒಂದು ಮನೆಯಲ್ಲಿ ಸಂಜೆಯ ಜಪಸರ ಮುಗಿದು ಕಾಫಿ ಕುಡಿಯುತ್ತಾ ಕುಳಿತಿದ್ದಾಗ ಆ ಮನೆಯ ಮಗಳು ಒಂದು ಹಾಳೆಯನ್ನು ತಂದು ನನ್ನ ಕೈಗಿತ್ತಳು. ದಿನವೂ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಓದುವ ಹುಡುಗಿ. ಅಲ್ಲಿನ ಒಂದು ಗಾನವೃಂದದಲ್ಲಿ ಹಾಡುತ್ತಾಳೆ. ಹಾಳೆಯ ಮೇಲಿದ್ದ ಅಕ್ಷರ ಕನ್ನಡದ್ದು, ಮಾತು ಕನ್ನಡದ್ದಲ್ಲ. ಅದು ಹೀಬ್ರೂ. ನಾವೆಲ್ಲ ಬಲ್ಲ 23ನೆಯ ಕೀರ್ತನೆ, ಕುರಿಗಾಹಿಯ ಕೀರ್ತನೆ. ಅಮೆರಿಕದ ಯೆಹೂದ್ಯ ಸಂಗೀತಗಾರ ಲೆನರ್ಡ್ ಬರ್ನ್‌ಸ್ಟೈನ್ 1965ರಲ್ಲಿ ರಚಿಸಿದ ‘ಚಿಚೆಸ್ಟರ್ ಕೀರ್ತನೆಗಳು’ ಎಂಬ ಕೃತಿಯನ್ನು ಅವರ ವೃಂದ ಕಲಿಯುತ್ತಿತ್ತು.

ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಕೇಳಿದರು: “ನಮ್ಮ ಸ್ವಾಮಿಯವರನ್ನ ಶಿಲುಬೆಗೆ ಹಾಕಿದೋರ ಹಾಡು ನಮಗ್ಯಾಕೆ ಫಾದರ್?” ಮೊಮ್ಮಗಳು ನಕ್ಕು, “ಅಜ್ಜಿ, ಯೇಸುಸ್ವಾಮೀನೂ ಅದೇ ಜನ ಅಲ್ವಾ?” ಎಂದಳು. “ಅದು ಬೇರೆ” ಎಂದು ಅಜ್ಜಿ ಜಪಸರವನ್ನು ಡಬ್ಬಿಯೊಳಗಿಟ್ಟರು.

ಹುಡುಗಿಯ ಸಂಶಯ ಇನ್ನೊಂದು. “ಇದು ಅವರ ಪ್ರಾರ್ಥನೆ. ನಾವು ಟಿಕೆಟ್ ಇಟ್ಟು ವೇದಿಕೆ ಮೇಲೆ ಹಾಡ್ತೀವಿ. ಅವತ್ತು ನಾನು ಪ್ರಾರ್ಥನೆ ಮಾಡ್ತಿರ್ತೀನಾ, ಪ್ರೋಗ್ರಾಂ ಕೊಡ್ತಿರ್ತೀನಾ? ಎರಡರಲ್ಲಿ ಯಾವುದೂ ಸರಿ ಅನ್ನಿಸ್ತಿಲ್ಲ ಫಾದರ್.”

ನೋಡಿ, ಎಷ್ಟು ನೇರವಾದ ಪ್ರಶ್ನೆ! ಪ್ರಾರ್ಥನೆ ಮಾಡಿದರೆ ಬೇರೆಯವರ ಮನೆಯ ದೀಪವನ್ನು ಹೇಳದೆ ಕೇಳದೆ ತಂದು ನಮ್ಮ ಮನೆಯಲ್ಲಿ ಇಟ್ಟುಕೊಂಡಂತೆ. ಕಾರ್ಯಕ್ರಮ ಕೊಟ್ಟರೆ ಒಬ್ಬರ ಪ್ರಾರ್ಥನೆಯನ್ನು ಆಟಕ್ಕೆ ಇಟ್ಟಂತೆ. ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಅಜ್ಜಿಯ ಪ್ರಶ್ನೆಯನ್ನು ಮುಗಿಸಬೇಕು. ಅದು ಮುಗಿಯದೆ ಇದು ಬಗೆಹರಿಯುವುದಿಲ್ಲ.

ಅಜ್ಜಿ ಹೇಳಿದ ಮಾತು ಅವರು ಹುಟ್ಟಿಸಿದ್ದಲ್ಲ. ನೂರಾರು ವರ್ಷ ನಮ್ಮ ಪೀಠಗಳಿಂದಲೇ ಜನ ಅದನ್ನು ಕೇಳಿದ್ದಾರೆ. ಟ್ರೆಂಟ್ ಮಹಾಸಭೆಯ ನಂತರ 1566ರಲ್ಲಿ ಹೊರಬಂದ ಧರ್ಮೋಪದೇಶ ಗ್ರಂಥವೇ, ಪ್ರಭುವಿನ ಮರಣಕ್ಕೆ ಪಾಪ ಮಾಡುವ ಕ್ರೈಸ್ತರಾದ ನಾವು ಅವರಿಗಿಂತ ಹೆಚ್ಚಿನ ಹೊಣೆಗಾರರು ಎಂದು ತಿಳಿಸಿತ್ತು. ಪುಸ್ತಕದಲ್ಲಿ ಹಾಗೆ ಬರೆದಿದ್ದರೂ ಬೀದಿಯಲ್ಲಿ ಯೆಹೂದ್ಯರ ಮೇಲೆ ಕಲ್ಲು ಬೀಳುವುದು ನಿಲ್ಲಲಿಲ್ಲ. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ವಿಶ್ವಾಸಹೀನರೆಂದು ಕರೆಯುತ್ತಿದ್ದ ಶಬ್ದವನ್ನು ಪೋಪ್ ಇಪ್ಪತ್ತಮೂರನೇ ಜಾನ್ 1959ರಲ್ಲಿ ತೆಗೆಸಿಹಾಕಿದರು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ‘ನೋಸ್ತ್ರಾ ಏತಾತೆ’ ಎಂಬ ಘೋಷಣೆಯಲ್ಲಿ, ಪ್ರಭುವಿನ ಪಾಡುಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದು ಎಂದು ಸ್ಪಷ್ಟಪಡಿಸಿತು. ಇದು ಧರ್ಮಸಭೆಯ ಬೋಧನೆ. ಒಪ್ಪುವುದು ಬಿಡುವುದು ನಮ್ಮಿಷ್ಟ ಎನ್ನುವಂಥದ್ದಲ್ಲ.

ಅದೇ ಘೋಷಣೆ ಸಂತ ಪೌಲರ ಓಲಿವ್ ಮರದ ಹೋಲಿಕೆಯನ್ನು ನೆನಪಿಸುತ್ತದೆ. ಕಸಿ ಕಟ್ಟುವುದನ್ನು ಬಲ್ಲ ನಮ್ಮ ಕಡೆಯ ರೈತರು ರೋಮನರಿಗೆ ಬರೆದ ಪತ್ರದ 11ನೆಯ ಅಧ್ಯಾಯವನ್ನು ಓದಬೇಕು. ನಾವು ಮಾವಿಗೆ ಕಸಿ ಕಟ್ಟುವಾಗ ಬೇರು ನಾಟಿ ಗಿಡದ್ದು, ಕಡ್ಡಿ ಒಳ್ಳೆಯ ಜಾತಿಯದು. ಪೌಲರು ಇದನ್ನು ತಿರುಗುಮುರುಗು ಮಾಡಿದ್ದಾರೆ. ಬೇರು ಒಳ್ಳೆಯ ಜಾತಿಯದು, ಅದು ಇಸ್ರಯೇಲ್. ಕಸಿ ಕಟ್ಟಿದ್ದು ಕಾಡು ಕಡ್ಡಿ, ಅದು ನಾವು. ಇದು ಸಹಜ ಕ್ರಮಕ್ಕೆ ವಿರುದ್ಧ ಎಂದು ಅವರೇ ಹೇಳುತ್ತಾರೆ. ಕಡ್ಡಿ ಬೇರನ್ನು ಹೊರುವುದಿಲ್ಲ, ಜಂಬಪಡಬೇಡ ಎಂದೂ ಎಚ್ಚರಿಸುತ್ತಾರೆ.

ಇನ್ನು ಹಾಡಿನ ಮಾತು. ಕಡೆಯ ಭೋಜನದ ನಂತರ ಯೇಸು ಮತ್ತು ಶಿಷ್ಯರು ಸ್ತುತಿಗೀತೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಟರು ಎಂದು ಮತ್ತಾಯ ಮತ್ತು ಮಾರ್ಕ ಇಬ್ಬರೂ ಬರೆದಿದ್ದಾರೆ. ಪಾಸ್ಕ ಭೋಜನದಲ್ಲಿ ಯೆಹೂದ್ಯರು ಹಾಡುವುದು ‘ಹಲ್ಲೇಲ್’ ಎಂಬ ಗುಚ್ಛ, 113ರಿಂದ 118ರವರೆಗಿನ ಕೀರ್ತನೆಗಳು. ಊಟಕ್ಕೆ ಮೊದಲು ಎರಡು, ಆಮೇಲೆ ಉಳಿದವು. ಅಂದು ರಾತ್ರಿ ಹಾಡಿದ್ದೂ ಇವನ್ನೇ ಎಂಬುದು ಧರ್ಮಸಭೆಯಲ್ಲಿ ಬಹುಕಾಲದಿಂದ ಬಂದಿರುವ ಅಭಿಪ್ರಾಯ. ಹಾಗಿದ್ದರೆ ಪ್ರಭು ಬಂಧನಕ್ಕೆ ಒಳಗಾಗುವ ಮುನ್ನ ಹಾಡಿದ ಕೊನೆಯ ಹಾಡು 118ನೆಯ ಕೀರ್ತನೆ. ಅದನ್ನೇ ನಾವು ಪಾಸ್ಕ ಭಾನುವಾರ ಬಲಿಪೂಜೆಯಲ್ಲಿ ಹಾಡುತ್ತೇವೆ. ಇನ್ನೊಂದು ಸೋಜಿಗ ಕೇಳಿ: ಮದುವೆ ಮನೆಗಳಲ್ಲಿ, ಕಾಲೇಜು ಸಮಾರಂಭಗಳಲ್ಲಿ ಜನ ಕುಣಿಯುವ ‘ಹಾವಾ ನಗೀಲಾ’ ಹಾಡಿನ ಮಾತುಗಳ ಬೇರೂ ಇದೇ ಕೀರ್ತನೆಯಲ್ಲಿದೆ. ಅದನ್ನು ರೂಪಿಸಿದವರು ಅಬ್ರಹಾಂ ಇಡೆಲ್ಸನ್ ಎಂಬ ಯೆಹೂದ್ಯ ವಿದ್ವಾಂಸರು. ಲೋಕದ ಬೇರೆಬೇರೆ ಮೂಲೆಗಳ ಯೆಹೂದ್ಯರ ಪ್ರಾರ್ಥನಾ ರಾಗಗಳನ್ನು ಕಿವಿಯಿಂದ ಕೇಳಿ ಬರೆದುಕೊಂಡು 1914ರಿಂದ 1932ರೊಳಗೆ 10 ಸಂಪುಟಗಳಲ್ಲಿ ಪ್ರಕಟಿಸಿದವರು. ಕುಣಿಯುವವರಿಗೆ ಇದು ತಿಳಿದಿರುವುದಿಲ್ಲ. ಕುಣಿಯಲಿ, ಬೇಡವೆನ್ನುವವನು ನಾನಲ್ಲ.

ಆದ್ದರಿಂದ ‘ಅವರ ಹಾಡು ನಮಗೇಕೆ’ ಎಂದು ಕೇಳುವ ಅಧಿಕಾರ ನಮಗಿಲ್ಲ. ಆಮೆನ್, ಅಲ್ಲೆಲೂಯ, ಹೋಸಾನ್ನ ಎಂದು ಪ್ರತಿ ಭಾನುವಾರ ಹೀಬ್ರೂ ಮಾತನ್ನೇ ಹಾಡುವವರು ನಾವು. ‘ಅವರ ಹಾಡನ್ನು ಹೇಗೆ ಹಾಡಬೇಕು’ ಎಂದು ಕೇಳುವುದೇ ನಮಗೆ ತಕ್ಕದ್ದು. ಹುಡುಗಿ ಕೇಳಿದ್ದೂ ಅದನ್ನೇ.

ಇದಕ್ಕೆ ಉತ್ತರ ಹೇಳುವ ಮುನ್ನ ಯೆಹೂದ್ಯರ ಪ್ರಾರ್ಥನಾಮಂದಿರದಲ್ಲಿ ಹಾಡು ಹೇಗಿರುತ್ತದೆಂದು ಸ್ವಲ್ಪ ತಿಳಿಯೋಣ. ಅಲ್ಲಿ ಓದುವುದೂ ಹಾಡಿಯೇ. ತೋರಾ ಸುರುಳಿಯಲ್ಲಿ ಬರೆದಿರುವುದು ವ್ಯಂಜನಗಳು ಮಾತ್ರ. ಸ್ವರಾಕ್ಷರದ ಗುರುತೂ ಇಲ್ಲ, ರಾಗದ ಗುರುತೂ ಇಲ್ಲ. ಆ ಗುರುತುಗಳನ್ನು ಗಲಿಲೇಯದ ತಿಬೇರಿಯದ ವಿದ್ವಾಂಸರು ಸುಮಾರು ಹತ್ತನೆಯ ಶತಮಾನದ ಹೊತ್ತಿಗೆ ಕಟ್ಟುನಿಟ್ಟಾಗಿ ಗೊತ್ತುಮಾಡಿದರು. ಅವು ಕಲಿಯುವ ಪುಸ್ತಕದಲ್ಲಿ ಇರುತ್ತವೆ, ಸುರುಳಿಯಲ್ಲಿ ಇರುವುದಿಲ್ಲ. ಓದುವವನು ಎಲ್ಲವನ್ನೂ ಮೊದಲೇ ಬಾಯಿಪಾಠ ಮಾಡಿರಬೇಕು. ಹದಿಮೂರು ತುಂಬಿದ ಹುಡುಗ ಮೊದಲ ಸಲ ಸಭೆಯ ಮುಂದೆ ಓದಲು ತಿಂಗಳುಗಟ್ಟಲೆ ಕಲಿಯುತ್ತಾನೆ. ಒಂದು ಪದ ತಪ್ಪಿದರೂ ಪಕ್ಕದಲ್ಲಿ ನಿಂತವರು ಅಲ್ಲೇ ತಿದ್ದುತ್ತಾರೆ, ಅವನು ಮತ್ತೆ ಓದಬೇಕು. ನಮ್ಮ ದೇವಾಲಯಗಳಲ್ಲಿ ವಾಚನಕ್ಕೆ ಎದ್ದು ಬರುವಾಗ ಪುಟ ಹುಡುಕುವ ನಮ್ಮ ಯುವಕರು ಇದನ್ನು ಕೇಳಿಸಿಕೊಂಡರೆ ಒಳ್ಳೆಯದು.

ಗುರುತು ಒಂದೇ ಆದರೂ ರಾಗ ಊರೂರಿಗೆ ಬೇರೆ. ಬಾಗ್ದಾದಿನದು ಒಂದು, ಯೆಮನಿನದು ಇನ್ನೊಂದು, ಪೋಲೆಂಡಿನದು ಮತ್ತೊಂದು. ಜೆರುಸಲೇಮಿನ ದೇವಾಲಯ ಕ್ರಿಸ್ತಶಕ 70ರಲ್ಲಿ ನಾಶವಾದ ಮೇಲೆ ಶೋಕದ ಗುರುತಾಗಿ ವಾದ್ಯಗಳನ್ನು ಕೈಬಿಟ್ಟರು ಎಂಬುದು ಅವರ ಸಂಪ್ರದಾಯ. ಸಂಪ್ರದಾಯನಿಷ್ಠರ ಮಂದಿರಗಳಲ್ಲಿ ಸಬ್ಬತ್ ದಿನ ಇಂದಿಗೂ ವಾದ್ಯವಿಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಆರ್ಗನ್ ಇಡಬೇಕೇ ಬೇಡವೇ ಎಂದು ಅವರವರಲ್ಲೇ ದೊಡ್ಡ ಜಗಳ ನಡೆಯಿತು. ತಬಲ ಬೇಕು, ಕೀಬೋರ್ಡ್ ಬೇಡ ಎಂದು ಕಿತ್ತಾಡುವ ನಮ್ಮ ಗಾನವೃಂದಗಳಿಗೆ ಇದು ಹೊಸ ಸುದ್ದಿಯೇನಲ್ಲ.

ಅವರ ಸಂಗೀತ ಯಾರನ್ನೂ ಮುಟ್ಟದೆ ಮಡಿಯಲ್ಲಿ ಕುಳಿತ ಸಂಗೀತವೂ ಅಲ್ಲ. ಇಟಲಿಯ ಮಾಂಟುವಾ ನಗರದ ಸಲಮೋನೆ ರೊಸ್ಸಿ ಎಂಬ ಯೆಹೂದ್ಯರು ಅಲ್ಲಿನ ಅರಸರ ಆಸ್ಥಾನದ ಸಂಗೀತಗಾರರಾಗಿದ್ದರು. ಕಥೋಲಿಕ ದೇವಾಲಯಗಳಲ್ಲಿ ಕೇಳಿಬರುತ್ತಿದ್ದ ಬಹುಧ್ವನಿ ಗಾಯನದ ರೀತಿಯಲ್ಲಿ ಹೀಬ್ರೂ ಪ್ರಾರ್ಥನೆಗಳನ್ನು ಸಂಯೋಜಿಸಿ 1622-23ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದರು. ಸ್ವರಲಿಪಿ ಎಡದಿಂದ ಬಲಕ್ಕೆ ಓಡುತ್ತದೆ, ಹೀಬ್ರೂ ಬಲದಿಂದ ಎಡಕ್ಕೆ! ಕೊನೆಗೆ ಪದಗಳನ್ನು ಮುರಿಯದೆ ಹಾಗೆಯೇ ಇಟ್ಟು ಹಾಡುವವರ ಜಾಣ್ಮೆಗೆ ಬಿಟ್ಟರು. ದೇವಾಲಯದ ಶೈಲಿ ನಮ್ಮ ಮಂದಿರಕ್ಕೆ ಬರಬಹುದೇ ಎಂದು ಯೆಹೂದ್ಯರು ತಮ್ಮೊಳಗೇ ವಾದಿಸಿದರು; ಲೆಯೋನ್ ಮೊದೆನಾ ಎಂಬ ವೆನಿಸ್ಸಿನ ರಬ್ಬಿ ರೊಸ್ಸಿಯ ಪಕ್ಷ ವಹಿಸಿದರು. ಎರಡು ಶತಮಾನ ಕಳೆದು ವಿಯೆನ್ನಾದಲ್ಲಿ ಇದರ ಮರುಮುಖ ಕಾಣುತ್ತದೆ. ಅಲ್ಲಿನ ಮಂದಿರದ ಗಾಯಕ ಸಲೊಮೊನ್ ಸುಲ್ಜರ್ ಅವರಿಗಾಗಿ, ಲತೀನ್ ಬಲಿಪೂಜೆಗಳನ್ನು ರಚಿಸಿದ್ದ ಫ್ರಾಂಜ್ ಶೂಬರ್ಟ್ ತಮ್ಮ ಕೊನೆಯ ವರ್ಷವಾದ 1828ರಲ್ಲಿ 92ನೆಯ ಕೀರ್ತನೆಯನ್ನು ಹೀಬ್ರೂ ಭಾಷೆಯಲ್ಲೇ ಸಂಯೋಜಿಸಿಕೊಟ್ಟರು. ಕಥೋಲಿಕ ದೀಕ್ಷಾಸ್ನಾನ ಪಡೆದವನು ಯೆಹೂದ್ಯ ಸಬ್ಬತ್ತಿಗೆ ಮಾಡಿಕೊಟ್ಟ ಹಾಡು ಅದು. ಕೇಳಿದ್ದು ಆ ಮಂದಿರದವರು. ಇದನ್ನು ನೆನಪಿಡಿ.

ನಮ್ಮ ದೇಶದಲ್ಲೂ ಹೀಗೆಯೇ. ಕೊಂಕಣ ಕರಾವಳಿಯ ಬೆನೆ ಇಸ್ರಯೇಲ್ ಯೆಹೂದ್ಯರು 1880ರ ದಶಕದಲ್ಲಿ ಅಬ್ರಹಾಮ, ಮೋಶೆ ಮುಂತಾದವರ ಕಥೆಗಳನ್ನು ಮರಾಠಿ ಕೀರ್ತನೆಯಾಗಿ ಹಾಡಿದರು. ನಮ್ಮ ಹರಿಕಥೆಯ ಅಣ್ಣತಮ್ಮನಂಥ ಕಲೆ. ಅವರಲ್ಲೇ ಒಬ್ಬರಾದ ಸಾಮ್ಯುಯೆಲ್ ದಿವೇಕರ್ ಬ್ರಿಟಿಷ್ ಸೈನ್ಯದಲ್ಲಿದ್ದು ಟಿಪ್ಪೂವಿನ ಸೆರೆಗೆ ಸಿಕ್ಕಿದ್ದರು. ಬಿಡುಗಡೆಯಾದರೆ ದೇವರಿಗೊಂದು ಮಂದಿರ ಕಟ್ಟಿಸುವೆನೆಂದು ಹರಕೆ ಹೊತ್ತು 1796ರಲ್ಲಿ ಮುಂಬಯಿಯ ಮೊದಲ ಯೆಹೂದ್ಯ ಮಂದಿರವನ್ನು ಕಟ್ಟಿಸಿದರೆಂದು ಆ ಸಮುದಾಯದವರು ಹೇಳುತ್ತಾರೆ. ಕೊಚ್ಚಿಯ ಯೆಹೂದ್ಯ ಹೆಂಗಸರು ಮಲಯಾಳದಲ್ಲಿ ಮದುವೆ ಹಾಡು, ಬೈಬಲ್ ಕಥೆಯ ಹಾಡುಗಳನ್ನು ನೋಟ್ ಪುಸ್ತಕಗಳಲ್ಲಿ ಬರೆದಿಟ್ಟು ತಾಯಿಯಿಂದ ಮಗಳಿಗೆ ದಾಟಿಸಿದರು. ಇಸ್ರಯೇಲ್ ದೇಶ ಹುಟ್ಟಿದ ನಂತರ ಅವರಲ್ಲಿ ಹೆಚ್ಚಿನವರು ಅಲ್ಲಿಗೆ ಹೋದರು. ಆ ಹಾಡುಗಳನ್ನು ಕೂಡಿಸಿ ಓದಿ ಅರ್ಥ ಬಿಡಿಸಿದವರಲ್ಲಿ ಕೇರಳದ ಕ್ರೈಸ್ತ ವಿದ್ವಾಂಸರಾದ ಪಿ. ಎಂ. ಜೂಸ್ಸೆ ಮತ್ತು ಸ್ಕರಿಯಾ ಝಕರಿಯಾ ಇದ್ದಾರೆ. ಝಕರಿಯಾ ಅವರು ಒಫಿರಾ ಗಮ್ಲಿಯೇಲ್ ಜೊತೆ ಸಂಪಾದಿಸಿದ ‘ಕಾರ್ಕುಳಲಿ’ ಸಂಗ್ರಹ 2005ರಲ್ಲಿ ಜೆರುಸಲೇಮಿನಲ್ಲಿ ಪ್ರಕಟವಾಯಿತು. ನಮ್ಮ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರಿಂದ ಯೆಹೂದ್ಯರ ಸಮಾಧಿ ಭೂಮಿ ಇದೆ. ಅದರ ಮುಂದೆ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿಬಂದ ನಮಗೆ ಅದು ಕಂಡಿರಲಾರದು.

ಈಗ ನೋವಿನ ಮಾತಿಗೆ ಬರಬೇಕು. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಮಂದಿರಗಳಲ್ಲಿ ಗಾನವೃಂದಗಳಿದ್ದವು, ಲೂಯಿ ಲೆವಾಂಡೊವ್ಸ್ಕಿಯಂಥ ಸಂಗೀತ ನಿರ್ದೇಶಕರಿದ್ದರು. 1938ರ ನವೆಂಬರ್ 9ರ ರಾತ್ರಿ ಜರ್ಮನಿ, ಆಸ್ಟ್ರಿಯಾಗಳಲ್ಲಿ ಆ ಮಂದಿರಗಳಿಗೆ ಬೆಂಕಿ ಬಿತ್ತು. ಶೂಬರ್ಟನ ಹಾಡು ಹುಟ್ಟಿದ ವಿಯೆನ್ನಾದ ಮಂದಿರವನ್ನು ಒಳಗೆ ಧ್ವಂಸ ಮಾಡಿದರೂ ಸುಡದೆ ಬಿಟ್ಟರು. ಗೋಡೆಗೆ ಗೋಡೆ ಅಂಟಿದ್ದ ಮನೆಗಳಿಗೆ ಬೆಂಕಿ ಹತ್ತೀತು ಎಂಬ ಭಯದಿಂದ. ಮುಂದಿನ ಏಳು ವರ್ಷಗಳಲ್ಲಿ 60 ಲಕ್ಷ ಯೆಹೂದ್ಯರ ಕೊಲೆಯಾಯಿತು. ಹಾಡುವವರೂ ಹೋದರು, ಅವರ ಹಾಡಿಗೆ ಆಮೆನ್ ಎನ್ನುವವರೂ ಹೋದರು. ಕೊಂದವರಲ್ಲಿ ದೀಕ್ಷಾಸ್ನಾನ ಪಡೆದವರು ಬಹಳ ಮಂದಿ. ಇಂದು ಆ ಸಂಗೀತವನ್ನು ಎಷ್ಟೋ ಊರುಗಳಲ್ಲಿ ಹಾಡುವವರು ಕ್ರೈಸ್ತ ಗಾಯಕರು. ಹುಡುಗಿಯ ಕೈಯಲ್ಲಿದ್ದ ಹಾಳೆ ಇಷ್ಟೆಲ್ಲ ದಾಟಿ ಬಂದದ್ದು. ಜಡಿಗೇನಹಳ್ಳಿಯವರು ಯಾರೂ ಯಾವ ಯೆಹೂದ್ಯನಿಗೂ ಕೇಡು ಮಾಡಿಲ್ಲ, ನಿಜ. ಆದರೆ ‘ಅವರು ನಮ್ಮ ಸ್ವಾಮಿಯನ್ನು ಕೊಂದವರು’ ಎಂಬ ಮಾತು ಯೂರೋಪಿನಿಂದ ಹಡಗು ಹತ್ತಿ ಬಂದು ನಮ್ಮ ಜಗಲಿಯ ಮೇಲೂ ಕೂತಿದೆ.

ಬೇರೆಯವರ ಪವಿತ್ರ ಹಾಡನ್ನು ಕೇಳುವುದು ಯಾವಾಗ ಅನ್ಯಾಯವಾಗುತ್ತದೆ ಎಂಬುದಕ್ಕೆ ಬೈಬಲಿನಲ್ಲೇ ಒಂದು ಸಾಕ್ಷಿ ಇದೆ: 137ನೆಯ ಕೀರ್ತನೆ. ಬಾಬಿಲೋನಿನ ನದಿಗಳ ಬಳಿ ಸೆರೆಯಾಳುಗಳು ಕುಳಿತು ಅಳುತ್ತಿದ್ದಾರೆ. ಅವರನ್ನು ಹಿಡಿದು ತಂದವರೇ ಬಂದು ಸಿಯೋನಿನ ಹಾಡೊಂದನ್ನು ಹಾಡಿ ನಮ್ಮನ್ನು ಖುಷಿಪಡಿಸಿ ಎನ್ನುತ್ತಾರೆ. ಸೆರೆಯಾಳುಗಳು ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿಬಿಡುತ್ತಾರೆ. ಇಲ್ಲಿ ತಪ್ಪು ಎಲ್ಲಿದೆ? ಬಾಬಿಲೋನಿನವರು ಬೇರೆ ಧರ್ಮದವರು ಎಂಬುದರಲ್ಲಲ್ಲ. ಹಾಡನ್ನು ಇಷ್ಟಪಟ್ಟದ್ದರಲ್ಲೂ ಅಲ್ಲ. ಹಾಡು ಬೇಕು, ಹಾಡುವವನ ಕಣ್ಣೀರು ಬೇಡ. ಸಿಯೋನಿನ ಇಂಪು ಬೇಕು, ಸಿಯೋನನ್ನು ಕೆಡವಿದ್ದು ತಾವೇ ಎಂಬ ನೆನಪು ಬೇಡ. ತಪ್ಪು ಅಲ್ಲಿದೆ. ಕೀರ್ತನೆಯ ಕೊನೆಯ ಸಾಲುಗಳು ಎಷ್ಟು ಕಹಿಯೆಂದರೆ ನಮ್ಮ ಪ್ರಾರ್ಥನಾವಿಧಿಯಲ್ಲಿ ಅವನ್ನು ಬಿಟ್ಟು ಓದುತ್ತೇವೆ. ಮನೆಯಲ್ಲಾದರೂ ಒಮ್ಮೆ ಪೂರ್ತಿ ಓದಿ; ಹಾಡನ್ನು ಕಸಿದುಕೊಂಡರೆ ಮನುಷ್ಯನ ಎದೆಯಲ್ಲಿ ಏನು ಉಳಿಯುತ್ತದೆಂದು ಕಾಣುತ್ತದೆ.

ಇದರ ಎದುರಿಗೆ ಇನ್ನೊಂದು ಘಟನೆಯನ್ನು ಇಟ್ಟು ನೋಡಿ. ಪ್ರಾಗ್ ನಗರದ ಉತ್ತರಕ್ಕಿರುವ ತೆರೆಜಿನ್ ಎಂಬಲ್ಲಿ ನಾಜಿಗಳು ಯೆಹೂದ್ಯರನ್ನು ಕೂಡಿಹಾಕಿದ್ದರು. ರಫಾಯೆಲ್ ಶೆಖ್ಟರ್ ಎಂಬ ಯುವ ಸಂಗೀತ ನಿರ್ದೇಶಕ ಅಲ್ಲಿ ಸುಮಾರು 150 ಸೆರೆಯಾಳುಗಳನ್ನು ಸೇರಿಸಿ 1943ರಿಂದ ವೆರ್ದಿಯ ‘ರಿಕ್ವಿಯಮ್’ ಕಲಿಸಿದರು. ಅದು ಮೃತರಿಗಾಗಿ ಅರ್ಪಿಸುವ ನಮ್ಮ ಬಲಿಪೂಜೆಯ ಲತೀನ್ ಪ್ರಾರ್ಥನೆ. ಇದ್ದದ್ದು ಒಂದೇ ಸ್ವರಪುಸ್ತಕ. ದಿನವಿಡೀ ದುಡಿದು, ಅರೆಹೊಟ್ಟೆಯಲ್ಲಿ, ನೆಲಮಾಳಿಗೆಯಲ್ಲಿ ಬಾಯಿಪಾಠ ಮಾಡಿದರು. ರೈಲು ತುಂಬಿ ಹಾಡುಗಾರರನ್ನು ಔಷ್ವಿಟ್ಸಿಗೆ ಒಯ್ದಾಗಲೆಲ್ಲ ಹೊಸಬರಿಗೆ ಮೊದಲಿನಿಂದ ಕಲಿಸಬೇಕಾಯಿತು. ಯೆಹೂದ್ಯರು ಕಥೋಲಿಕ ಪ್ರಾರ್ಥನೆಯನ್ನು ಹಾಡುವುದೇ ಎಂದು ಶಿಬಿರದ ಯೆಹೂದ್ಯ ಹಿರಿಯರೇ ಆಕ್ಷೇಪಿಸಿದರು. ಅವರ ಆಕ್ಷೇಪವನ್ನು ಹಗುರ ಮಾಡಬೇಡಿ. ನಮ್ಮ ಹುಡುಗಿ ಕೇಳಿದ ಪ್ರಶ್ನೆಯನ್ನೇ ಅವರು ಸಾವಿನ ಬಾಗಿಲಲ್ಲಿ ನಿಂತು ಕೇಳಿದರು. ಆದರೂ 16 ಬಾರಿ ಹಾಡಿದರು. ಕೊನೆಯದು 1944ರ ಜೂನ್‌ನಲ್ಲಿ, ರೆಡ್‌ಕ್ರಾಸ್ ಪ್ರತಿನಿಧಿಗಳು ಬಂದಾಗ ನಾಜಿ ಅಧಿಕಾರಿಗಳ ಮುಂದೆಯೇ. ದೇವರ ತೀರ್ಪಿನ ದಿನವನ್ನು ಕುರಿತ ಭಾಗವನ್ನು ಅವರ ಮುಖ ನೋಡಿಕೊಂಡು ಹಾಡಿದೆವೆಂದು ಬದುಕುಳಿದವರು ಹೇಳಿದ್ದಾರೆ. ಆ ಅಕ್ಟೋಬರಿನಲ್ಲಿ ಶೆಖ್ಟರ್ ಅವರನ್ನೂ ಔಷ್ವಿಟ್ಸಿಗೆ ಸಾಗಿಸಿದರು. ಅವರು ಮರಳಲಿಲ್ಲ.

ಆ ಸೆರೆಯಾಳುಗಳು ಕಥೋಲಿಕರಾಗಲಿಲ್ಲ, ಆಗಬಯಸಲೂ ಇಲ್ಲ. ಹಾಗಂತ ಅವರು ಮಾಡಿದ್ದು ಬರೀ ‘ಪ್ರೋಗ್ರಾಂ’ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಪ್ರಾರ್ಥನೆ, ಪ್ರದರ್ಶನ ಎಂಬ ಎರಡೇ ಬಾಗಿಲುಗಳಿವೆ ಎಂದು ನಾವು ಎಣಿಸಿದ್ದೆವು. ಮೂರನೆಯದೂ ಇದೆ. ಒಬ್ಬರ ಪ್ರಾರ್ಥನೆಯ ಮಾತುಗಳಿಗೆ ತನ್ನ ಉಸಿರನ್ನು ಕೊಟ್ಟು, ಅದು ಹೇಳುವುದು ಸತ್ಯ ಎಂದು ಎದ್ದು ನಿಲ್ಲುವುದು. ಅದಕ್ಕೆ ಸಾಕ್ಷಿ ಹೇಳುವುದು ಎನ್ನೋಣ.

ಸೆಮಿನರಿಯಲ್ಲಿ ಓದಿದ ಸಂತ ತೋಮಸ್ ಅಕ್ವಿನಾಸರು ಇಲ್ಲಿ ನೆರವಿಗೆ ಬರುತ್ತಾರೆ. ಪ್ರಾರ್ಥನೆಯಲ್ಲಿ ಗಮನ ಮೂರು ಬಗೆ ಎನ್ನುತ್ತಾರೆ ಅವರು. ಪದಗಳು ತಪ್ಪದಂತೆ ನೋಡಿಕೊಳ್ಳುವುದು ಒಂದು. ಪದಗಳ ಅರ್ಥದ ಮೇಲಿನ ಗಮನ ಇನ್ನೊಂದು. ಪ್ರಾರ್ಥನೆಯ ಗುರಿಯಾದ ದೇವರ ಮೇಲಿನ ಗಮನ ಮೂರನೆಯದು. ಅಕ್ಷರ ಬಾರದವರಿಗೂ ಇದು ಸಾಧ್ಯ, ಎಲ್ಲಕ್ಕಿಂತ ಬೇಕಾದದ್ದೂ ಇದೇ. ಹಾಡಿನ ಮಾತು ಕೇಳುವವರಿಗೆ ಅರ್ಥವಾಗದಿದ್ದರೂ ಏಕೆ ಹಾಡುತ್ತಿದ್ದಾರೆಂದು ತಿಳಿದಿದ್ದರೆ ಭಕ್ತಿ ಹುಟ್ಟಲು ಅಷ್ಟು ಸಾಕು ಎಂದೂ ಅವರೇ ಹೇಳುತ್ತಾರೆ. ಹೀಬ್ರೂ ಬಾರದ ಗಾನವೃಂದಕ್ಕೆ ಇದು ದೊಡ್ಡ ಸಮಾಧಾನ. ಆದರೆ ಸಂತ ಅಗಸ್ಟೀನರ ಅಳುಕನ್ನೂ ಅದರ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಹಾಡಿದ ಸತ್ಯಕ್ಕಿಂತ ಹಾಡಿದ ದನಿ ತನ್ನನ್ನು ಹೆಚ್ಚು ಕದಲಿಸಿದಾಗ ಅದನ್ನು ಪಾಪವೆಂದೇ ಎಣಿಸುವೆನೆಂದು ಅವರು ತಮ್ಮ ‘ನಿವೇದನೆ’ಯಲ್ಲಿ ಬರೆದಿದ್ದಾರೆ. ಒಳ್ಳೆಯ ಕಂಠವಿರುವವರೆಲ್ಲ ಇದನ್ನು ವರ್ಷಕ್ಕೊಮ್ಮೆ ಓದಿಕೊಳ್ಳಲಿ. ಅಕ್ವಿನಾಸರ ಬಗ್ಗೆ ಇನ್ನೊಂದು ಮಾತು: ಯೆಹೂದ್ಯ ತತ್ವಜ್ಞಾನಿ ಮೈಮೊನಿದೆಸರನ್ನು ಅವರು ‘ರಬ್ಬಿ ಮೋಶೆ’ ಎಂದು ಹೆಸರಿಸಿ, ಒಪ್ಪದಿರುವ ಕಡೆಯೂ ಓದಿ ಉತ್ತರಿಸುತ್ತಾರೆ. ಅವರು ಕಲಿಸಿದ ಪ್ಯಾರಿಸಿನಲ್ಲೇ 1242ರಲ್ಲಿ ಯೆಹೂದ್ಯರ ತಲ್ಮೂದ್ ಗ್ರಂಥಗಳನ್ನು ಗಾಡಿಗಟ್ಟಲೆ ಸುಟ್ಟಿದ್ದರು.

ಕಲಿಯುವುದು ಎಂದರೆ ಹೇಗಿರಬೇಕು ಎನ್ನುವುದಕ್ಕೆ ನಾವು ದಿನವೂ ಕೇಳಿದ ಒಬ್ಬರಿದ್ದಾರೆ. ಬೆಳಗಿನ ಜಾವ ಆಕಾಶವಾಣಿ ತೆರೆಯುವಾಗ ಬರುವ ರಾಗಮುದ್ರೆ ನಿಮಗೆ ಗೊತ್ತಲ್ಲ? ತಂಬೂರಿಯ ಶ್ರುತಿಯ ಮೇಲೆ ಪಿಟೀಲು. 1930ರ ದಶಕದ ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್, 1934ರಲ್ಲಿ ಮುಂಬಯಿಗೆ ಬಂದ ಯೆಹೂದ್ಯ ಸಂಗೀತಗಾರ. ಭಾರತೀಯ ಸಂಗೀತದ ಧ್ವನಿಮುದ್ರಿಕೆಗಳನ್ನು ಮೊದಲು ಕೇಳಿದಾಗ ಅವರಿಗೆ ಏನೂ ರುಚಿಸಲಿಲ್ಲವಂತೆ. ಆಗ ಅವರು ಯೋಚಿಸಿದ್ದು ಹೀಗೆ: ಬುದ್ಧಿ, ಹೃದಯ ಎರಡೂ ಉಳ್ಳ ಕೋಟ್ಯಂತರ ಜನ ಪ್ರೀತಿಸುವ ಸಂಗೀತ ಇದು; ಹಾಗಾದರೆ ದೋಷ ನನ್ನ ಕಿವಿಯದ್ದೇ ಇರಬೇಕು, ಕಲಿಯಬೇಕಾದವನು ನಾನು. ಹನ್ನೆರಡು ವರ್ಷ ಇಲ್ಲೇ ಇದ್ದರು. ಆಮೇಲೆ ಉತ್ತರ ಭಾರತದ ರಾಗಗಳ ಮೇಲೆ 1968ರಲ್ಲಿ, ದಕ್ಷಿಣದ ರಾಗಗಳ ಮೇಲೆ 1976ರಲ್ಲಿ ದಪ್ಪ ದಪ್ಪ ಗ್ರಂಥಗಳನ್ನು ಪ್ರಕಟಿಸಿದರು. ನಮ್ಮ ಸಂಗೀತಕ್ಕೆ ಯೆಹೂದ್ಯರೊಬ್ಬರು ಕೊಟ್ಟ ಮರ್ಯಾದೆ ಇಷ್ಟು. ನಾವು ಒಂದು ಕೀರ್ತನೆ ಕಲಿಯುವಾಗ ಅದರಲ್ಲಿ ಕಾಲುಭಾಗವನ್ನಾದರೂ ತೋರಿಸಬೇಡವೇ?

ಆದ್ದರಿಂದ ಹುಡುಗಿಗೆ ನಾನು ಕೊಟ್ಟ ಉತ್ತರ: ಹಾಡು. ಆದರೆ ಪದಪದದ ಅರ್ಥ ಬರೆದುಕೊಂಡು ಹಾಡು. ನಿಮ್ಮ ಕೃತಿಯಲ್ಲೇ ನೋಡು, ಎಳೆಯ ದನಿ ಕುರಿಗಾಹಿಯ ಕೀರ್ತನೆಯನ್ನು ಹಾಡುತ್ತಿರುವಾಗ ಗಂಡಸರ ದನಿಗಳು ರಾಷ್ಟ್ರಗಳ ಗದ್ದಲವನ್ನು ಕುರಿತ ಎರಡನೆಯ ಕೀರ್ತನೆಯೊಂದಿಗೆ ನುಗ್ಗುತ್ತವೆ. ಹೆಂಗಸರ ದನಿಗಳು ಬೆದರಿಕೆ ಕಿವಿಗೆ ಬೀಳದವರಂತೆ ಕುರಿಗಾಹಿಯ ಹಾಡನ್ನೇ ಮುಂದುವರಿಸುತ್ತವೆ. ಅದು ಏಕೆಂದು ತಿಳಿಯದೆ ಹಾಡಿದರೆ ಬರೀ ತಾಳದ ಕಸರತ್ತು. ಈ ಕೃತಿಯನ್ನು ಬರೆಸಿದವರು ಇಂಗ್ಲೆಂಡಿನ ಚಿಚೆಸ್ಟರ್ ಪ್ರಧಾನಾಲಯದ ಆಂಗ್ಲಿಕನ್ ಗುರು ವಾಲ್ಟರ್ ಹಸ್ಸಿ. ಹೀಬ್ರೂ ಭಾಷೆಯಲ್ಲೇ ಇರಲಿ ಎಂದು ಬರೆದುಕೊಟ್ಟವರು ಯೆಹೂದ್ಯರಾದ ಬರ್ನ್‌ಸ್ಟೈನ್. ಇಲ್ಲಿ ಕಳ್ಳತನವಿಲ್ಲ, ಕರೆದು ಬಡಿಸಿದ ಊಟ ಇದು. 1994ರ ಏಪ್ರಿಲ್ 7ರಂದು ಹತರಾದ ಯೆಹೂದ್ಯರ ಸ್ಮರಣೆಗೆ ವ್ಯಾಟಿಕನ್ನಿನಲ್ಲೇ ನಡೆದ ಸಂಗೀತ ಸಭೆಯಲ್ಲಿ ಇದನ್ನು ಹಾಡಿದರು. ಪೋಪ್ ಎರಡನೇ ಜಾನ್ ಪಾಲರ ಜೊತೆ ರೋಮಿನ ಪ್ರಧಾನ ರಬ್ಬಿ ಎಲಿಯೊ ತೊವಾಫ್ ಕುಳಿತು ಕೇಳಿದರು.

ಎಲ್ಲವನ್ನೂ ಹೀಗೆ ಹಾಡಬಹುದೆಂದು ನಾನು ಹೇಳಲಾರೆ. ಕೀರ್ತನೆಗಳು ನಮಗೂ ಅವರಿಗೂ ಸೇರಿದ ಆಸ್ತಿ. ‘ಕದ್ದೀಶ್’ ಹಾಗಲ್ಲ. ತಂದೆತಾಯಿ ಸತ್ತವನು ಕನಿಷ್ಠ ಹತ್ತು ಮಂದಿಯ ಸಭೆಯಲ್ಲಿ ನಿಂತು ಹೇಳುವ ಪ್ರಾರ್ಥನೆ ಅದು. ಅದರಲ್ಲಿ ಸಾವಿನ ಮಾತೇ ಇಲ್ಲ, ದೇವರ ನಾಮದ ಮಹಿಮೆ ಮಾತ್ರ. ಪ್ರಾಯಶ್ಚಿತ್ತ ದಿನದ ಹಿಂದಿನ ಸಂಜೆಯ ‘ಕೋಲ್ ನಿದ್ರೆ’ಯೂ ಹಾಗೆಯೇ. ಜರ್ಮನಿಯ ಪ್ರೊಟೆಸ್ಟೆಂಟ್ ಸಂಗೀತಗಾರ ಮಾಕ್ಸ್ ಬ್ರುಖ್ ಆ ರಾಗವನ್ನು 1880ರ ಸುಮಾರಿಗೆ ಮಾತಿಲ್ಲದೆ ಚೆಲ್ಲೊ ವಾದ್ಯಕ್ಕೆ ಅಳವಡಿಸಿದರು. ಅದು ವಿವೇಕದ ಕೆಲಸ ಎಂದೇ ನನ್ನ ಎಣಿಕೆ. ಯೆಹೂದ್ಯರಿಲ್ಲದ ಕಡೆ, ಅವರ ಶಾಲು ಟೋಪಿ ತೊಟ್ಟು, ಈ ಎರಡನ್ನು ನಾಟಕದಂತೆ ಮಾಡುವುದು ನನಗೆ ಸರಿಕಾಣದು. ಇನ್ನು ದೇವರ ನಾಮ. ಆ ನಾಲ್ಕು ಹೀಬ್ರೂ ಅಕ್ಷರಗಳನ್ನು ಯೆಹೂದ್ಯರು ಉಚ್ಚರಿಸುವುದಿಲ್ಲ, ‘ಪ್ರಭು’ ಎಂಬರ್ಥದ ಶಬ್ದವನ್ನೇ ಓದುತ್ತಾರೆ. ನಮ್ಮ ಪ್ರಾರ್ಥನಾವಿಧಿಯ ಹಾಡುಗಳಲ್ಲೂ ಆ ನಾಮವನ್ನು ಉಚ್ಚರಿಸಬಾರದೆಂದು ವ್ಯಾಟಿಕನ್ 2008ರ ಜೂನ್ 29ರ ಪತ್ರದಲ್ಲಿ ತಿಳಿಸಿದೆ. ನಮ್ಮ ಕನ್ನಡ ಶ್ರೀಗ್ರಂಥದಲ್ಲಿ ‘ಸರ್ವೇಶ್ವರ’ ಎಂದಿರುವುದರಿಂದ ನಮಗೆ ತೊಂದರೆ ಕಡಿಮೆ. ಕ್ಯಾಸೆಟ್ಟಿನಿಂದ, ಫೋನಿನಿಂದ ಕಲಿತ ಇಂಗ್ಲಿಷ್ ಹಾಡುಗಳನ್ನು ಬಲಿಪೂಜೆಗೆ ತರುವ ಯುವಕರು ಮಾತ್ರ ಒಮ್ಮೆ ನೋಡಿಕೊಳ್ಳಬೇಕು.

ಹೀಬ್ರೂ ಹಾಡುವ ಅವಕಾಶ ನಮ್ಮಲ್ಲಿ ಎಷ್ಟು ಜನಕ್ಕೆ ಬಂದೀತು? ಬಹಳ ಕಡಿಮೆ. ಆದರೆ ಪವಿತ್ರ ವಾರದಲ್ಲಿ ನಮ್ಮ ಊರುಗಳಲ್ಲಿ ಪ್ರಭುವಿನ ಪಾಡುಗಳ ನಾಟಕ ಆಡುತ್ತೇವೆ. ಪಾತ್ರ ಹಂಚುವ ಹಾಳೆಯಲ್ಲಿ ‘ಯೆಹೂದ್ಯರು’ ಎಂಬ ತಲೆಬರಹದ ಕೆಳಗೆ ಬೈಯುವವರು, ಉಗುಳುವವರು, ಶಿಲುಬೆಗೆ ಹಾಕಿ ಎಂದು ಕೂಗುವವರ ಹೆಸರಿರುತ್ತದೆ. ಮಾತೆ ಮರಿಯಮ್ಮ, ಪೇತ್ರ, ಯೊವಾನ್ನ, ಅಳುವ ಸ್ತ್ರೀಯರು ಬೇರೆ ಪಟ್ಟಿಯಲ್ಲಿ, ಅವರು ಯಾವುದೋ ಬೇರೆ ದೇಶದವರೆಂಬಂತೆ. ಈ ಸಲ ಆ ತಲೆಬರಹವನ್ನು ಹೊಡೆದುಹಾಕಿ ‘ಗುಂಪಿನ ಜನ’ ಎಂದು ಬರೆಯಿರಿ. ಕಡೆಯ ಭೋಜನದ ದೃಶ್ಯ ಮುಗಿದ ಕೂಡಲೇ ಪರದೆ ಎಳೆಯಬೇಡಿ. ಅವರು ಹಾಡಿಯೇ ಹೊರಟರೆಂದು ಶುಭಸಂದೇಶದಲ್ಲಿದೆ. ಗಾನವೃಂದದವರು ಅಲ್ಲಿ 118ನೆಯ ಕೀರ್ತನೆಯನ್ನು ಕನ್ನಡದಲ್ಲಿ, ತಮಗೆ ಬರುವ ಯಾವ ರಾಗದಲ್ಲಾದರೂ ಸರಿ, ವಾದ್ಯವಿಲ್ಲದೆ ಹಾಡಲಿ. ಹಾಡು ಮುಗಿದ ಮೇಲೆ ಗೆತ್ಸೆಮನಿಯ ದೀಪ ಹಚ್ಚಿದರಾಯಿತು.